ಹಳೇ ಪಿಕಪ್‌ಗೆ ಹೊಸ ವೈರು, ಹೊಸ ಮೀಟರು: ಕೊಡಗಿನ ಘಾಟಿಗೆ ಯಾವುದು ಸರಿ?

ಕೊಡಗಿನಲ್ಲಿ ಹದಿನೈದು-ಇಪ್ಪತ್ತು ವರ್ಷ ದಾಟಿದ ಪಿಕಪ್‌ಗಳಿಗೆ ನಿವೃತ್ತಿ ಎಂಬುದಿಲ್ಲ. ಬೊಲೆರೊ ಪಿಕಪ್, ಕ್ಯಾಂಪರ್, ಟಾಟಾ 207, ಹಿಂದೆ ಟ್ರೇ ಕಟ್ಟಿಸಿಕೊಂಡ ಮಹೀಂದ್ರ ಜೀಪು, ಎಲ್ಲವೂ ಇನ್ನೂ ದುಡಿಯುತ್ತಿವೆ. ಜನವರಿಯಲ್ಲಿ ಕಾಫಿ ಹಣ್ಣು, ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್ ಪೈಪು, ಮಳೆಗೆ ಮುಂಚೆ ಗೊಬ್ಬರ, ನಡುನಡುವೆ ಶುಂಠಿ, ಮರಳು, ಮದುವೆ ಮನೆಯ ಪಾತ್ರೆ. ಇಂಥ ಗಾಡಿಗೆ ಫಾಗ್ ಲೈಟು, ಜೋರು ಹಾರ್ನು, ಮೊಬೈಲ್ ಚಾರ್ಜರ್, ರಾತ್ರಿ ಲೋಡ್ ಇಳಿಸಲು ಹಿಂದೊಂದು ದೀಪ ಎಂದು ಒಂದೊಂದೇ ಸೇರುತ್ತಾ ಹೋಗುತ್ತದೆ. ಅದರ ಜೊತೆಗೆ ಇಂಜಿನ್ನಿನ ಸ್ಥಿತಿ ತಿಳಿಯಲು ಎರಡು ಮೂರು ಮೀಟರ್ ಹಾಕಿಸೋಣ ಎಂಬ ಆಸೆ ಬೇರೆ. ಮೈಸೂರಿಗೋ ಬೆಂಗಳೂರಿನ ಜೆ.ಸಿ. ರಸ್ತೆಗೋ ಹೋದರೆ ಹತ್ತು ಬಗೆಯದು ತೋರಿಸುತ್ತಾರೆ. ಯಾವುದು ತರುವುದು?

ನನ್ನ ಲೆಕ್ಕ ಇಷ್ಟೇ: ಇಟ್ಟುಕೊಂಡ ದುಡ್ಡಿನಲ್ಲಿ ಅರ್ಧ ವೈರಿಂಗ್‌ಗೆ ಹೋಗಲಿ, ಮಿಕ್ಕಿದ್ದರಲ್ಲಿ ಮೀಟರ್ ನೋಡಿ. ಹೆಚ್ಚಿನವರು ಮಾಡುವುದು ಉಲ್ಟಾ. ಚೆಂದದ ಮೂರು ಮೀಟರ್ ತಂದು, ಅದಕ್ಕೆ ಕರೆಂಟು ಮಾತ್ರ ರೇಡಿಯೋ ವೈರಿನಿಂದ ಕದ್ದು ಕೊಡುತ್ತಾರೆ.

ಇಲ್ಲಿ ಹೇಳುವುದೆಲ್ಲ ಮೆಕ್ಯಾನಿಕಲ್ ಪಂಪಿನ ಹಳೇ ಡೀಸೆಲ್ ಗಾಡಿಗಳಿಗೆ. ಕಾಮನ್ ರೈಲ್ ಇಂಜಿನ್, ಇಸಿಯು (ಇಂಜಿನ್ ನಡೆಸುವ ಸಣ್ಣ ಕಂಪ್ಯೂಟರ್) ಇರುವ ಪಿಕಪ್ ನಿಮ್ಮದಾದರೆ ಮೊದಲು ಸ್ಟೀರಿಂಗ್ ಕೆಳಗೆ ಇಂಜಿನ್ನಿನ ಮಾಹಿತಿ ಓದುವ ಒಬಿಡಿ ಸಾಕೆಟ್ ಇದೆಯೇ ನೋಡಿ. ಇದ್ದರೆ ಅದಕ್ಕೆ ಸಿಕ್ಕಿಸುವ ಸಣ್ಣ ಡಿಸ್‌ಪ್ಲೇಯಲ್ಲೇ ಕೂಲೆಂಟ್ ಬಿಸಿ, ವೋಲ್ಟೇಜು, ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಎಲ್ಲ ಬರುವ ಸಾಧ್ಯತೆ ಹೆಚ್ಚು. ಆಯಿಲ್ ಪ್ರೆಶರ್ ಮಾತ್ರ ಸಾಮಾನ್ಯವಾಗಿ ಬರುವುದಿಲ್ಲ.

ಕರೆಂಟು ಎಲ್ಲಿಂದ ಎಳೆಯುವುದು

ದಾರಿಗಳು ನಾಲ್ಕು.

ಮೊದಲನೆಯದು, ಇರುವ ವೈರಿನ ಸಿಪ್ಪೆ ಸುಲಿದು ಸುತ್ತಿ, ಟೇಪ್ ಹೊಡೆಯುವುದು. ಅರ್ಧ ಗಂಟೆಯ ಕೆಲಸ, ಅಗ್ಗ. ಮೊಬೈಲ್ ಚಾರ್ಜರ್‌ಗೋ ಒಂದು ಸಣ್ಣ ಎಲ್‌ಇಡಿಗೋ ಆದರೆ ನಡೆದೀತು. ಫಾಗ್ ಲೈಟಿಗೆ ಖಂಡಿತ ಬೇಡ. 55 ವ್ಯಾಟಿನ ಎರಡು ಬಲ್ಬು ಎಂದರೆ 9ರಿಂದ 10 ಆಂಪಿಯರ್. ಹಳೇ ಲೈಟ್ ಸ್ವಿಚ್ಚಿನ ಒಳಗಿನ ತಾಮ್ರದ ನಾಲಿಗೆ ಹೆಡ್‌ಲೈಟಿನ ಹೊರೆಯನ್ನೇ ಹೊತ್ತು ಸುಸ್ತಾಗಿರುತ್ತದೆ. ಅದರ ಮೇಲೆ ಇದನ್ನೂ ಹೇರಿದರೆ ಸ್ವಿಚ್ ಕರಗುವ ವಾಸನೆ ಮೊದಲು ಬರುತ್ತದೆ, ಹೊಗೆ ಆಮೇಲೆ. ನಮ್ಮ ಮಳೆಗಾಲದಲ್ಲಿ ಟೇಪಿನ ಜಾಯಿಂಟಿನದು ಬೇರೆಯೇ ಕತೆ. ನೀರು ಟೇಪಿನೊಳಗೆ ಸೇರಿ, ಎಳೆಗಳ ಸಂದಿಯಲ್ಲಿ ಒಳಕ್ಕೆ ಏರಿ, ಗೇಣುದ್ದ ತಾಮ್ರ ಕಿಲುಬು ಹಿಡಿದು ಹಸಿರಾಗುತ್ತದೆ. ಹೊರಗಿಂದ ವೈರು ಹೊಚ್ಚ ಹೊಸದರಂತೆಯೇ ಕಾಣುತ್ತದೆ. ಬಗ್ಗಿಸಿದರೆ ಒಳಗೆ ಪುಡಿಪುಡಿ.

ಎರಡನೆಯದು, ಒಂದೊಂದು ಲೈಟಿಗೆ ಒಂದೊಂದು ರಿಲೇ, ಒಂದೊಂದು ಫ್ಯೂಸ್. ರಿಲೇ ಎಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್. ಅಂಗಡಿಯಲ್ಲಿ ಫಾಗ್ ಲೈಟ್ ಕಿಟ್ ಎಂದು ಕೊಡುವುದು ಇದೇ. ಡ್ಯಾಶ್‌ಬೋರ್ಡಿನ ಸ್ವಿಚ್ಚಿನಲ್ಲಿ ಹರಿಯುವುದು ರಿಲೇ ಕಾಯಿಲ್‌ಗೆ ಬೇಕಾದಷ್ಟು ಮಾತ್ರ, ಒಂದು ಆಂಪಿಯರಿನ ಐದನೇ ಒಂದು ಭಾಗಕ್ಕಿಂತಲೂ ಕಡಿಮೆ. ಲೈಟಿನ ಕರೆಂಟು ಬ್ಯಾಟರಿಯಿಂದ ಫ್ಯೂಸ್ ದಾಟಿ ರಿಲೇಯ 30ನೇ ಪಿನ್ನಿಗೆ ಬಂದು, 87ರಿಂದ ನೇರ ಬಲ್ಬಿಗೆ ಹೋಗುತ್ತದೆ. 85 ಮತ್ತು 86 ಕಾಯಿಲ್‌ನವು. ಒಂದೆರಡು ಲೈಟು, ಒಂದು ಹಾರ್ನು, ಅಷ್ಟೇ ಸಾಕು ಎನ್ನುವವರಿಗೆ ಇದಕ್ಕಿಂತ ಒಳ್ಳೆಯದು ಬೇಡ. ಲಾರಿ ಬಿಡಿಭಾಗದ ಅಂಗಡಿಯಲ್ಲಿ ತಂದರೆ ರಿಲೇ ಮೇಲೆ 12 ವೋಲ್ಟ್ ಎಂದಿದೆಯೇ ಎಂದು ಓದಿ ತನ್ನಿ. 24 ವೋಲ್ಟಿನದೂ ನೋಡಲು ಹಾಗೆಯೇ ಇರುತ್ತದೆ.

ಮೂರನೆಯದು ಬೇರೆಯದೇ ಫ್ಯೂಸ್ ಬಾಕ್ಸ್. ಬ್ಯಾಟರಿಯಿಂದ ಒಂದೇ ಒಂದು ದಪ್ಪ ವೈರು, ಅದಕ್ಕೊಂದು ಮುಖ್ಯ ಫ್ಯೂಸ್, ಕೀ ತಿರುಗಿಸಿದಾಗ ಮಾತ್ರ ಎಳೆಯುವ ಒಂದು ದೊಡ್ಡ ರಿಲೇ, ಅದರಾಚೆ ಆರೋ ಎಂಟೋ ಫ್ಯೂಸಿನ ಮುಚ್ಚಳವಿರುವ ಬಾಕ್ಸ್. ಲೈಟು, ಚಾರ್ಜರು, ಮೀಟರುಗಳಿಗೆಲ್ಲ ಅಲ್ಲಿಂದಲೇ ಕವಲು. ಫಾಗ್ ಲೈಟಿನಂಥ ದೊಡ್ಡ ಹೊರೆಗೆ ಅದರದೇ ರಿಲೇ ಆಗಲೂ ಬೇಕು. ಕಂಪನಿ ವೈರಿಂಗ್ ಅನ್ನು ಎಲ್ಲೂ ಕುಯ್ಯಬೇಕಿಲ್ಲ. ಮುಂದೆ ಏನಾದರೂ ಕೆಟ್ಟರೆ ಎಲೆಕ್ಟ್ರಿಷಿಯನ್ ಹುಡುಕಬೇಕಾದ ಜಾಗ ಒಂದೇ. ಎರಡು ಮೂರು ಮೀಟರ್ ಹಾಕಿಸುವ ಯೋಚನೆ ಇರುವ ಯಾರಿಗಾದರೂ ನಾನು ಹೇಳುವುದು ಇದನ್ನೇ. ಖರ್ಚು ಹೆಚ್ಚು, ಕೆಲಸಕ್ಕೆ ಒಂದಿಡೀ ದಿನ ಬೇಕು, ಆದರೆ ಎರಡನೇ ಸಲ ಬಿಚ್ಚುವ ಕೆಲಸವಿಲ್ಲ.

ನಾಲ್ಕನೆಯದು ಎರಡನೇ ಬ್ಯಾಟರಿ. ಗಾಡಿ ನಿಲ್ಲಿಸಿ ಗಂಟೆಗಟ್ಟಲೆ ಸ್ಪ್ರೇ ಪಂಪು, ಲೈಟು ಓಡಿಸುವವರಿಗೆ ಬಿಟ್ಟರೆ ಉಳಿದವರಿಗೆ ಅದು ಸುಮ್ಮನೆ ಹೊರೆ.

ಯಾವ ದಾರಿ ಹಿಡಿದರೂ ವೈರಿನ ದಪ್ಪದಲ್ಲಿ ಜಿಪುಣತನ ಬೇಡ. 1 ಸ್ಕ್ವೇರ್ ಎಂಎಂ ತಾಮ್ರದ ವೈರಿಗೆ ಮೀಟರೊಂದಕ್ಕೆ ಸುಮಾರು 0.0175 ಓಮ್ ತಡೆ ಇರುತ್ತದೆ. ಬಾನೆಟ್‌ನಿಂದ ಹಿಂದಿನ ಟ್ರೇವರೆಗೆ 6 ಮೀಟರ್ ಎಳೆದು 10 ಆಂಪಿಯರ್ ಹರಿಸಿದರೆ ದಾರಿಯಲ್ಲೇ 1 ವೋಲ್ಟಿಗೂ ಸ್ವಲ್ಪ ಹೆಚ್ಚು ಸೋರಿಹೋಗುತ್ತದೆ. 2.5 ಸ್ಕ್ವೇರ್ ಎಂಎಂ ಹಾಕಿದರೆ ಅದು 0.4 ವೋಲ್ಟಿಗೆ ಇಳಿಯುತ್ತದೆ, 4 ಹಾಕಿದರೆ 0.26ಕ್ಕೆ. ಒಂದು ವೋಲ್ಟ್ ತಾನೇ ಎನ್ನಬೇಡಿ. ಹ್ಯಾಲೊಜನ್ ಬಲ್ಬಿಗೆ ವೋಲ್ಟೇಜು ನೂರಕ್ಕೆ 10 ಕಡಿಮೆಯಾದರೆ ಬೆಳಕು ನೂರಕ್ಕೆ 30ರಷ್ಟು ಇಳಿಯುತ್ತದೆ. ‘ಲೈಟು ಮಂಕು’ ಎಂದು ಹೆಚ್ಚು ವ್ಯಾಟಿನ ಬಲ್ಬು ಹಾಕಿಸುವವರ ಗಾಡಿಯಲ್ಲಿ ಅನೇಕ ಸಲ ಬೇಕಿರುವುದು ದಪ್ಪ ವೈರು, ಒಂದು ರಿಲೇ, ಅಷ್ಟೇ.

ಫ್ಯೂಸ್ ಇರುವುದು ಲೈಟನ್ನು ಕಾಯಲಿಕ್ಕಲ್ಲ, ವೈರನ್ನು ಕಾಯಲಿಕ್ಕೆ. ಹಾಗಾಗಿ ಅದರ ಜಾಗ ಬ್ಯಾಟರಿಯ ಪಕ್ಕದಲ್ಲಿ, ಗೇಣು ದೂರದೊಳಗೆ. ಲೈಟಿನ ಹತ್ತಿರ ಹಾಕಿದರೆ ನಡುವಿನ ವೈರು ಬಾಡಿಯ ತಗಡಿಗೆ ಉಜ್ಜಿ ಶಾರ್ಟ್ ಆದಾಗ ಆ ಫ್ಯೂಸಿಗೆ ಸುದ್ದಿಯೇ ತಲುಪುವುದಿಲ್ಲ. ಎರಡು ಫಾಗ್ ಲೈಟಿಗೆ ನೀಲಿ ಬಣ್ಣದ 15 ಆಂಪಿಯರಿನದು ಸಾಕು. ಅದು ಮತ್ತೆ ಮತ್ತೆ ಹೋಗುತ್ತಿದ್ದರೆ ಹಸಿರು 30 ತಂದು ಹಾಕುವುದು ಪರಿಹಾರವಲ್ಲ.

ಲೈಟಿನ ವಿಷಯ ಬಂದದ್ದಕ್ಕೆ ಒಂದು ಮಾತು. ಕ್ಯಾಬಿನ್ ಮೇಲೆ ಎಲ್‌ಇಡಿ ಬಾರ್ ಹಾಕಿಸಿಕೊಂಡವರು ಮಡಿಕೇರಿಯ ಮಂಜಿನಲ್ಲಿ ಅದನ್ನು ಉರಿಸಿ ನೋಡಿರುತ್ತಾರೆ: ಎದುರಿಗೆ ಬಿಳಿ ಗೋಡೆ, ಮತ್ತೇನೂ ಇಲ್ಲ. ಮಂಜಿಗೆ ಬೇಕಾದದ್ದು ಬಂಪರ್ ಮಟ್ಟದಲ್ಲಿ ಕೂತು, ನೆಲಕ್ಕೆ ಅಗಲವಾಗಿ ಬೀಳುವ ಬೆಳಕು. ಜೊತೆಗೆ 2024ರ ಜುಲೈನಲ್ಲಿ ಕಣ್ಣು ಕುಕ್ಕುವ ಎಲ್‌ಇಡಿ ಮೇಲೆ ರಾಜ್ಯದ ಪೊಲೀಸರು ಕೇಸು ಹಾಕಲು ಶುರುಮಾಡಿದರು. ತಿತಿಮತಿ, ಆನೆಚೌಕೂರು ಕಡೆ ರಾತ್ರಿ ಓಡಾಡುವವರು ಆನೆಗಾಗಿ ಬೇಕು ಎನ್ನುತ್ತಾರೆ. ನಿಧಾನ ಹೋದರೆ ಸರಿಯಾಗಿ ಹೊಂದಿಸಿದ ಹೆಡ್‌ಲೈಟೇ ಸಾಕು ಎಂಬುದು ನನ್ನ ಅಭಿಪ್ರಾಯ.

ಯಾವ ಮೀಟರ್ ಮೊದಲು

ಒಂದೇ ಮೀಟರಿಗೆ ದುಡ್ಡಿದ್ದರೆ ಟೆಂಪರೇಚರ್. ಎರಡಕ್ಕಿದ್ದರೆ ಅದರ ಜೊತೆ ಆಯಿಲ್ ಪ್ರೆಶರ್. ವೋಲ್ಟ್‌ಮೀಟರ್ ಹೇಗೂ ಅಗ್ಗ, ಅದನ್ನು ಲೆಕ್ಕಕ್ಕೇ ಹಿಡಿಯಬೇಡಿ, ಹಾಕಿಸಿಬಿಡಿ.

ಟೆಂಪರೇಚರ್ ಏಕೆ ಮೊದಲು ಎಂದರೆ ನಮ್ಮ ಘಾಟಿ. ಸಂಪಾಜೆಯಿಂದ ಮಡಿಕೇರಿಗೆ, ಕೇರಳ ಗಡಿಯ ಕೂಟುಪುಳದಿಂದ ಮಾಕುಟ್ಟ ದಾಟಿ ಪೆರುಂಬಾಡಿಗೆ ಎರಡನೇ ಗೇರಿನಲ್ಲಿ ಲೋಡು ಹೊತ್ತು ಹತ್ತುವಾಗ ಇಂಜಿನ್ ಪೂರ್ತಿ ದುಡಿಯುತ್ತದೆ, ರೇಡಿಯೇಟರಿಗೆ ಎದುರುಗಾಳಿ ಮಾತ್ರ ಇಲ್ಲ. ಇನ್ನೊಂದು ಸಂಗತಿಯನ್ನು ಹೆಚ್ಚಿನವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಡಿಕೇರಿ ಸಮುದ್ರ ಮಟ್ಟದಿಂದ 1,100 ಮೀಟರಿಗೂ ಮೇಲಿದೆ; ಅಲ್ಲಿ ತೆರೆದ ಪಾತ್ರೆಯ ನೀರು 100ಕ್ಕಲ್ಲ, ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರ್ ಕ್ಯಾಪು ಒಳಗೆ ಒತ್ತಡ ಹಿಡಿದಿಟ್ಟರೆ, 0.9 ಬಾರಿನ ಕ್ಯಾಪಾದರೆ, ಕುದಿಯುವ ಮಟ್ಟ ಸುಮಾರು 20 ಡಿಗ್ರಿ ಮೇಲೆ ಹೋಗುತ್ತದೆ. ಕ್ಯಾಪಿನ ರಬ್ಬರು ಒಣಗಿ ಬಿರುಕು ಬಿಟ್ಟಿದ್ದರೆ ಆ ರಕ್ಷಣೆ ಹೋಯಿತು. ಮೀಟರ್ 97 ತೋರಿಸುವಾಗ ಮಂಗಳೂರಿನಲ್ಲಿ ‘ಪರವಾಗಿಲ್ಲ’, ಮಡಿಕೇರಿಯಲ್ಲಿ ಕುದಿತ. ಆದ್ದರಿಂದ ಮೀಟರ್ ಕೊಳ್ಳುವ ದಿನವೇ ಒಂದು ಹೊಸ ಕ್ಯಾಪನ್ನೂ ಕೊಳ್ಳಿ. ಬರೀ ‘ಸಿ’ ಮತ್ತು ‘ಎಚ್’ ಎಂದು ಬರೆದ ಮೀಟರ್ ಬೇಡ, ಡಿಗ್ರಿ ಅಂಕಿ ಇರುವುದನ್ನೇ ಆರಿಸಿ.

ಟೆಂಪರೇಚರ್ ಮೀಟರಿಗೆ ಒಂದು ಕೆಟ್ಟ ಗುಣವಿದೆ, ಅದು ಗೊತ್ತಿಲ್ಲದೆ ಇಂಜಿನ್ನಿನ ಹೆಡ್ ಕಳೆದುಕೊಂಡವರು ಬಹಳ. ಸೆಂಡರ್ ಎಂಬ ಆ ಹಿತ್ತಾಳೆಯ ಮೂತಿ ನೀರಿನಲ್ಲಿ ಮುಳುಗಿದ್ದರೆ ಮಾತ್ರ ನಿಜ ಹೇಳುತ್ತದೆ. ಹೋಸ್ ಒಡೆದು ನೀರೆಲ್ಲ ರಸ್ತೆಗೆ ಹೋದರೆ ಸೆಂಡರ್ ಬರೀ ಗಾಳಿಯಲ್ಲಿ ನೇತಾಡುತ್ತದೆ. ಇಂಜಿನ್ ಕಾದು ಕೆಂಡವಾಗುತ್ತಿರುವಾಗ ಮೀಟರಿನ ಮುಳ್ಳು ಕೆಳಕ್ಕೆ ಇಳಿಯಲೂಬಹುದು. ಡ್ರೈವರ್ ‘ಈಗ ತಣ್ಣಗಾಯ್ತು ಸಾರ್’ ಎಂದು ಇನ್ನೂ ಒತ್ತುತ್ತಾನೆ. ಇದಕ್ಕೆ ಮದ್ದು ಎರಡು. ರೇಡಿಯೇಟರಿನ ಮೇಲಿನ ಟ್ಯಾಂಕಿಗೆ ನೀರು ಕಡಿಮೆಯಾದರೆ ಬಝರ್ ಹೊಡೆಯುವ ಲೆವೆಲ್ ಸೆನ್ಸರ್. ಇಲ್ಲವೇ ಹೆಡ್ಡಿನ ಮೇಲಿರುವ ಸಣ್ಣ ಬೋಲ್ಟೊಂದರ ಕೆಳಗೆ ಕೂರುವ ಬಳೆಯಂಥ ಸೆನ್ಸರ್. ಎರಡನೆಯದು ಲೋಹದ ಬಿಸಿಯನ್ನೇ ನೋಡುವುದರಿಂದ ನೀರು ಇದ್ದರೂ ಹೋದರೂ ಅದಕ್ಕೆ ಒಂದೇ. ಹೆಡ್ಡನ್ನು ಬ್ಲಾಕಿಗೆ ಬಿಗಿಯುವ ದೊಡ್ಡ ಹೆಡ್ ಬೋಲ್ಟಿನ ಕೆಳಗೆ ಮಾತ್ರ ಅದನ್ನು ಹಾಕಿಸಬೇಡಿ, ಬಿಗಿತ ತಪ್ಪುತ್ತದೆ. ಹಳೇ ಗಾಡಿಗೆ ನೀರಿನ ಮೀಟರಿನ ಜೊತೆ ಇವೆರಡರಲ್ಲಿ ಒಂದು ಇರಲೇಬೇಕು ಎನ್ನುತ್ತೇನೆ. ಫ್ಯಾನ್ಸಿ ಮೀಟರ್ ಬಿಟ್ಟು ಇದಕ್ಕೆ ಖರ್ಚು ಮಾಡಿ.

ಆಯಿಲ್ ಪ್ರೆಶರಿನದು ಇನ್ನೊಂದು ಬಗೆ. ಕಂಪನಿ ಕೊಟ್ಟ ಕೆಂಪು ದೀಪ ಹೊತ್ತುವುದು ಒತ್ತಡ 5ರಿಂದ 7 ಪಿಎಸ್‌ಐಗೆ (ಟೈರಿನ ಗಾಳಿ ಅಳೆಯುವ ಅದೇ ಲೆಕ್ಕ) ಬಿದ್ದಾಗ. ಲೋಡಿನಲ್ಲಿ ಹತ್ತುತ್ತಿರುವ ಇಂಜಿನ್ನಿಗೆ ಅಷ್ಟರಲ್ಲಿ ಬೇರಿಂಗಿನ ಕತೆ ಮುಗಿದಿರುತ್ತದೆ. ಸಾವಿರ ಆರ್‌ಪಿಎಂಗೆ 10 ಪಿಎಸ್‌ಐ ಎಂಬುದು ಮೆಕ್ಯಾನಿಕ್‌ಗಳ ಹಳೇ ಲೆಕ್ಕ; ಹಳೇ ಇಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲಿ 10ರಿಂದ 15 ತೋರಿಸಿದರೆ ಹೆದರಬೇಕಿಲ್ಲ. ಮೀಟರಿನ ನಿಜವಾದ ಉಪಯೋಗ ಬದಲಾವಣೆ ನೋಡುವುದರಲ್ಲಿದೆ. ಹೋದ ವರ್ಷ ಅದೇ ಏರಿನಲ್ಲಿ 40 ಇದ್ದದ್ದು ಈ ವರ್ಷ 28 ಆಗಿದ್ದರೆ ಗ್ಯಾರೇಜಿಗೆ ಹೋಗುವ ಸಮಯ ಬಂತು ಎಂದರ್ಥ.

ಬ್ಯಾಟರಿ ಕಡೆ ಕರೆಂಟು ಅಳೆಯುವ ಆಂಮೀಟರ್, ವೋಲ್ಟೇಜು ಅಳೆಯುವ ವೋಲ್ಟ್‌ಮೀಟರ್ ಎಂದು ಎರಡಿವೆ. ಹಳೇ ಜೀಪುಗಳಲ್ಲಿ ಇದ್ದದ್ದು ಆಂಮೀಟರ್, ಅದನ್ನು ನೋಡಿ ಬೆಳೆದವರಿಗೆ ಅದರ ಮೇಲೆ ಪ್ರೀತಿ ಜಾಸ್ತಿ. ಆದರೆ ಅದರಲ್ಲಿ ಚಾರ್ಜಿಂಗ್ ಕರೆಂಟು ಅಷ್ಟೂ ಡ್ಯಾಶ್‌ಬೋರ್ಡಿನ ಹಿಂದೆ ಹರಿಯಬೇಕು. ದಪ್ಪ ವೈರು, ಎರಡು ನಟ್ಟು, ಸಾಮಾನ್ಯವಾಗಿ ಫ್ಯೂಸ್ ಇಲ್ಲ. ಒಂದು ನಟ್ಟು ಸಡಿಲವಾದರೂ ಬಿಸಿಯೇರುವುದು ನಿಮ್ಮ ಮೊಣಕಾಲಿನ ಮುಂದೆಯೇ. ವೋಲ್ಟ್‌ಮೀಟರಿಗೆ ಸಣ್ಣ ವೈರು, ಸಣ್ಣ ಫ್ಯೂಸ್ ಸಾಕು. ಇಂಜಿನ್ ಆಫ್ ಇದ್ದಾಗ 12.6 ಎಂದರೆ ಬ್ಯಾಟರಿ ತುಂಬಿದೆ, ಓಡುವಾಗ 13.8ರಿಂದ 14.4 ಇರಬೇಕು. ರಾತ್ರಿ, ಮಳೆ, ವೈಪರ್, ಬ್ಲೋವರ್, ಹೆಡ್‌ಲೈಟ್, ಫಾಗ್ ಎಲ್ಲ ಒಟ್ಟಿಗೆ ಉರಿಯುವಾಗ 13ಕ್ಕಿಂತ ಕೆಳಗಿಳಿದರೆ ಆಲ್ಟರ್ನೇಟರಿಗೆ ಈ ಹೊರೆ ಜಾಸ್ತಿಯಾಯಿತು, ಇಲ್ಲವೇ ಬೆಲ್ಟ್ ಜಾರುತ್ತಿದೆ. ಬೆಲ್ಟ್ ಜಾರಿದರೆ ಚಾರ್ಜಿಂಗ್ ಒಂದೇ ಅಲ್ಲ, ಅದೇ ಬೆಲ್ಟಿನಲ್ಲಿ ವಾಟರ್ ಪಂಪೂ ಇದ್ದರೆ ಇಂಜಿನ್ ಬಿಸಿಯಾಗುವುದು ಮುಂದಿನ ಸರದಿ. ಅಗ್ಗದ ಮೀಟರ್ ಮೊದಲ ಸುದ್ದಿ ಕೊಡುವುದು ಹೀಗೆ.

ಆರ್‌ಪಿಎಂ ತೋರಿಸುವ ಟ್ಯಾಕೊಮೀಟರ್ ಬೇಕೆಂದರೆ ಡೀಸೆಲ್‌ಗೆ ಹೊಂದುವಂಥದ್ದು ಕೇಳಿ. ಪೆಟ್ರೋಲ್ ಗಾಡಿಯ ಟ್ಯಾಕೊಮೀಟರ್ ಸಿಗ್ನಲ್ ಹಿಡಿಯುವ ಇಗ್ನಿಷನ್ ಕಾಯಿಲ್ ಡೀಸೆಲ್ ಇಂಜಿನ್ನಿಗೆ ಇಲ್ಲ. ಆಲ್ಟರ್ನೇಟರಿನ ‘ಡಬ್ಲ್ಯೂ’ ಟರ್ಮಿನಲ್‌ನಿಂದ ಸಿಗ್ನಲ್ ಹಿಡಿಯಬೇಕು. ಬೂಸ್ಟ್ ಮೀಟರ್ ಟರ್ಬೊ ಇದ್ದವರಿಗೆ ಮಾತ್ರ. ಸೈಲೆನ್ಸರ್ ಗ್ಯಾಸಿನ ಬಿಸಿ ಅಳೆಯುವ ಇಜಿಟಿ ಮೀಟರ್, ಪಂಪ್ ಟ್ಯೂನ್ ಮಾಡಿಸಿ ಡೀಸೆಲ್ ಹೆಚ್ಚು ಬಿಡಿಸಿಕೊಂಡವರಿಗೆ. ಕಂಪನಿ ಸೆಟ್ಟಿಂಗಿನಲ್ಲೇ ಓಡುವ ಪಿಕಪ್‌ಗೆ ಆ ದುಡ್ಡಿನಲ್ಲಿ ರೇಡಿಯೇಟರ್ ಕ್ಲೀನ್ ಮಾಡಿಸಬಹುದು.

ಮುಳ್ಳೋ, ಅಂಕಿಯೋ

ಮೆಕ್ಯಾನಿಕಲ್ ಮೀಟರಿಗೆ ಕರೆಂಟೇ ಬೇಡ. ಟೆಂಪರೇಚರಿನದಾದರೆ ಸಣ್ಣ ತಾಮ್ರದ ನಳಿಗೆಯೊಂದು ಇಂಜಿನ್ನಿನಿಂದ ಮೀಟರಿನವರೆಗೆ ಬರುತ್ತದೆ. ಅದು ಸೀಲ್ ಮಾಡಿದ್ದು. ಉದ್ದವಾಯಿತೆಂದು ಕತ್ತರಿಸಿದರೆ ಮೀಟರನ್ನೇ ಎಸೆಯಬೇಕು; ಹೆಚ್ಚಾದದ್ದನ್ನು ಸುತ್ತಿ ಕಟ್ಟಿಡಬೇಕಷ್ಟೆ. ಬ್ಯಾಟರಿ ಸತ್ತರೂ, ಅರ್ತ್ ಹೋದರೂ ಅದು ನಿಜ ಹೇಳುತ್ತದೆ. ಈ ತೇವದ ಊರಿನಲ್ಲಿ ಅದು ಸಣ್ಣ ಗುಣವಲ್ಲ. ಟೆಂಪರೇಚರಿಗೆ ನನ್ನ ಓಟು ಮೆಕ್ಯಾನಿಕಲ್‌ಗೇ. ಆಯಿಲ್ ಪ್ರೆಶರಿಗೆ ಮಾತ್ರ ಅಲ್ಲ. ಅದರ ನಳಿಗೆಯಲ್ಲಿ ಬಿಸಿ ಆಯಿಲ್ಲೇ ಕ್ಯಾಬಿನ್ ಒಳಗೆ ಬರುತ್ತದೆ. ಪ್ಲಾಸ್ಟಿಕ್ ನಳಿಗೆ ಎಲ್ಲೋ ಉಜ್ಜಿ ತೂತಾದರೆ ಪ್ಯಾಂಟಿಗೂ ಪೆಡಲಿಗೂ ಆಯಿಲ್, ಅದೂ ತಿರುವಿನಲ್ಲಿ.

ಎಲೆಕ್ಟ್ರಿಕ್ ಮೀಟರಿನಲ್ಲಿ ಬರುವುದು ಬರೀ ವೈರು. ಇಲ್ಲಿ ನೋಡಬೇಕಾದದ್ದು ಜೋಡಿ. ಯುರೋಪಿನ ಪದ್ಧತಿಯ ಪ್ರೆಶರ್ ಸೆಂಡರ್ 10ರಿಂದ 180 ಓಮ್‌ನದು, ಒತ್ತಡ ಏರಿದಂತೆ ಓಮ್ ಏರುತ್ತದೆ. ಅಮೆರಿಕದ ಪದ್ಧತಿಯದು 240ರಿಂದ 33, ಉಲ್ಟಾ. ಒಂದರ ಮೀಟರಿಗೆ ಇನ್ನೊಂದರ ಸೆಂಡರ್ ಕೊಟ್ಟರೆ ಮುಳ್ಳು ಆಡುತ್ತದೆ, ಹೇಳುವುದೆಲ್ಲ ಸುಳ್ಳು. ಆದ್ದರಿಂದ ಮೀಟರ್, ಸೆಂಡರ್ ಒಂದೇ ಡಬ್ಬದಲ್ಲಿ ಬಂದದ್ದನ್ನೇ ಕೊಳ್ಳಿ. ಮರೆಯ (ಥ್ರೆಡ್ಡಿನ) ಗಾತ್ರವನ್ನು ಮೊದಲೇ ಹಳೇ ಸೆಂಡರ್ ಬಿಚ್ಚಿ ಒಯ್ದು ತಾಳೆ ನೋಡಿ. ಹೊಂದದ ಮರೆಯನ್ನು ಬಲವಂತವಾಗಿ ತಿರುಗಿಸಿ ಬ್ಲಾಕ್ ಹಾಳು ಮಾಡಿಕೊಂಡರೆ ಮೀಟರಿನ ಹತ್ತು ಪಟ್ಟು ಖರ್ಚು.

ಮೂರು ಅಂಕಿ ಒಂದೇ ಪರದೆಯಲ್ಲಿ ತೋರಿಸುವ ಡಿಜಿಟಲ್ ಮೀಟರ್ ಈಗ ಅಗ್ಗಕ್ಕೆ ಸಿಗುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಅಂಕಿ ಕಾಣದು. ಘಾಟಿಯ ತಿರುವಿನಲ್ಲಿ 94 ಎಂದು ಓದಿ ಯೋಚಿಸುವುದಕ್ಕಿಂತ ಮುಳ್ಳು ಎಲ್ಲಿದೆ ಎಂದು ಓರೆಗಣ್ಣಿನಲ್ಲಿ ನೋಡುವುದು ಸುಲಭ. ಆದರೆ ಡಿಜಿಟಲ್‌ನಲ್ಲಿ ಅಲಾರಾಂ ಇರುತ್ತದೆ. ಗಾಡಿ ಓಡಿಸುವುದು ನೀವಲ್ಲ, ಡ್ರೈವರ್ ಎಂದಾದರೆ ಬೇರೆ ಮಾತೇ ಬೇಡ, ಅಲಾರಾಂ ಇರುವುದೇ ಸರಿ. ಯಾರೂ ನೋಡದ ಮೀಟರಿಗಿಂತ ಕಿವಿಗೆ ಬೀಳುವ ಬಝರ್ ಮೇಲು.

ಒಟ್ಟಿನಲ್ಲಿ, ತೋಟದೊಳಗೆ, ಹತ್ತಿರದ ಸಂತೆಗೆ ಮಾತ್ರ ಓಡುವ ಗಾಡಿಗೆ ವೋಲ್ಟ್‌ಮೀಟರ್ ಮತ್ತು ನೀರಿನ ಲೆವೆಲ್ ಬಝರ್ ಸಾಕು, ರಿಲೇ ಕಿಟ್ಟಿನ ವೈರಿಂಗ್ ಸಾಕು. ವಾರವಾರ ಮಂಗಳೂರಿಗೋ ಕೇರಳದ ಇರಿಟ್ಟಿಗೋ ಲೋಡು ಹೊಡೆಯುವವರು ಬೇರೆ ಫ್ಯೂಸ್ ಬಾಕ್ಸ್, ಮೆಕ್ಯಾನಿಕಲ್ ಟೆಂಪರೇಚರ್, ಎಲೆಕ್ಟ್ರಿಕ್ ಆಯಿಲ್ ಪ್ರೆಶರ್, ವೋಲ್ಟ್‌ಮೀಟರ್, ಹೆಡ್ಡಿನ ಬಿಸಿಗೆ ಬಝರ್ ಇಷ್ಟನ್ನೂ ಹಾಕಿಸಿ. ಇನ್ನೆರಡು ವರ್ಷದಲ್ಲಿ ಮಾರುವ ಗಾಡಿಯಾದರೆ ವೋಲ್ಟ್‌ಮೀಟರ್ ಒಂದೇ ಸಾಕು.

ಹಾಕಿಸುವಾಗ ಪಕ್ಕದಲ್ಲಿ ನಿಂತು ನೋಡಬೇಕಾದದ್ದು

ಅರ್ತ್. ಬಣ್ಣ ಬಳಿದ ತಗಡಿಗೆ ಸ್ಕ್ರೂ ಹೊಡೆದು ಅರ್ತ್ ಕೊಟ್ಟರೆ ಒಂದು ಮಳೆಗಾಲವೂ ಬಾಳುವುದಿಲ್ಲ. ಬಣ್ಣ ಕೆರೆದು ಲೋಹ ಹೊಳೆಯಬೇಕು, ವೈರಿನ ತುದಿಯ ಲಗ್ ಕೂತ ಮೇಲೆ ಗ್ರೀಸು ಬಳಿಯಬೇಕು. ಮೀಟರುಗಳ ಅರ್ತ್ ಬೇರೆ, ಲೈಟಿನ ಅರ್ತ್ ಬೇರೆ ಇರಲಿ. ಹೆಡ್‌ಲೈಟ್ ಹಾಕಿದ ಕ್ಷಣ ಟೆಂಪರೇಚರ್ ಮುಳ್ಳು ಕದಲಿದರೆ ಅದು ಇಂಜಿನ್ನಿನ ತೊಂದರೆಯಲ್ಲ, ಅರ್ತಿನದು. ಬ್ಯಾಟರಿಯಿಂದ ಬಾಡಿಗೆ, ಬಾಡಿಯಿಂದ ಇಂಜಿನ್ನಿಗೆ ಇರುವ ಹಳೇ ಹೆಣಿಗೆ ಪಟ್ಟಿಗಳನ್ನೂ ಅದೇ ದಿನ ಬದಲಿಸಿ.

ಆಯಿಲ್ ಪ್ರೆಶರ್ ಸೆಂಡರಿಗೆ ಹಿತ್ತಾಳೆಯ ಟೀ (ಮೂರು ಬಾಯಿಯ ಜೋಡಣೆ) ಹಾಕಿ ಬ್ಲಾಕಿಗೇ ನೇತುಹಾಕುತ್ತಾರೆ. ಡೀಸೆಲ್ಲಿನ ನಡುಕಕ್ಕೆ ಆ ಟೀ ಕುತ್ತಿಗೆಯಲ್ಲಿ ಬಿರುಕು ಬಿಡುತ್ತದೆ, ಆಯಿಲ್ಲೆಲ್ಲ ರಸ್ತೆಗೆ. ಗಿಡ್ಡ ಹೈಡ್ರಾಲಿಕ್ ಹೋಸ್ ಕೊಟ್ಟು ಸೆಂಡರನ್ನು ಬಾಡಿಗೆ ಬಿಗಿಯುವುದು ಒಳ್ಳೆಯದು; ಆಗ ಸೆಂಡರಿಗೆ ಬೇರೆ ಅರ್ತ್ ವೈರು ಬೇಕಾಗುತ್ತದೆ. ನೇರ ಬ್ಲಾಕಿಗೇ ಹಾಕಿದರೆ ಮರೆಗೆ ಟೆಫ್ಲಾನ್ ಟೇಪ್ ದಪ್ಪಕ್ಕೆ ಸುತ್ತಬೇಡಿ, ಅರ್ತ್ ತಪ್ಪುತ್ತದೆ. ಕಂಪನಿಯ ಕೆಂಪು ದೀಪದ ಸ್ವಿಚ್ ಟೀಯ ಇನ್ನೊಂದು ಕೈಯಲ್ಲಿ ಹಾಗೆಯೇ ಇರಲಿ, ತೆಗೆಸಬೇಡಿ.

ವೈರು ಕ್ಯಾಬಿನ್ ಒಳಗೆ ಹೋಗುವ ತೂತಿಗೆ ರಬ್ಬರ್ ಬುಷ್ ಇರಲೇಬೇಕು. ಬಾನೆಟ್ ಒಳಗೆ ವೈರು ಬಾಕ್ಸಿಗೆ ಮೇಲಿಂದ ಇಳಿಯದೆ, ಕೆಳಗೆ ಜೋತು ಮತ್ತೆ ಮೇಲೇರಿ ಸೇರುವಂತೆ ಬಿಡಿಸಿ. ನೀರು ಜೋತ ತುದಿಯಲ್ಲೇ ತೊಟ್ಟಿಕ್ಕುತ್ತದೆ. ಜಾಯಿಂಟಿಗೆ ಟೇಪ್ ಬದಲು ಒಳಗೆ ಅಂಟು ಬಳಿದಿರುವ, ಬಿಸಿ ಮಾಡಿದರೆ ಕುಗ್ಗಿ ಕೂರುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿಸಿ. ಕಣದ ಪಕ್ಕದ ಶೆಡ್ಡಿನಲ್ಲಿ ಗಾಡಿ ನಿಲ್ಲಿಸುವವರು ಸುಕ್ಕುಸುಕ್ಕಿನ ಪೈಪಿನೊಳಗೆ ವೈರು ಎಳೆಸಿ, ತುದಿಗಳನ್ನು ಮುಚ್ಚಿಸಿ. ಇಲಿಗೆ ಹೊಸ ವೈರೆಂದರೆ ಬಲು ಪ್ರೀತಿ.

ಎಲ್ಲ ಮುಗಿದ ಮೇಲೆ ಖಾಲಿ ಗಾಡಿಯಲ್ಲಿ ಒಮ್ಮೆ, ಲೋಡಿನಲ್ಲಿ ಒಮ್ಮೆ ಅದೇ ಏರನ್ನು ಹತ್ತಿ, ಮೂರೂ ಮೀಟರಿನ ಅಂಕಿಯನ್ನು ಆರ್‌ಸಿ ಇಡುವ ಕವರಿನೊಳಗೆ ಬರೆದಿಡಿ. ಮುಂದೆ ಹೋಲಿಸಿ ನೋಡಲು ಬೇರೆ ಆಧಾರ ಇರುವುದಿಲ್ಲ. ಬಝರಿನ ಸ್ವಿಚ್ ಅರ್ತ್ ಸೇರಿದಾಗ ಹೊಡೆಯುವ ಬಗೆಯದಾದರೆ, ತಿಂಗಳಿಗೊಮ್ಮೆ ಅದರ ವೈರು ಬಿಚ್ಚಿ ಇಂಜಿನ್ನಿಗೆ ಮುಟ್ಟಿಸಿ, ಸದ್ದು ಬರುತ್ತದೆಯೇ ಎಂದು ಪರೀಕ್ಷಿಸಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ.